ಫೋರ್ಡ್ 8ಎನ್ ಟ್ರ್ಯಾಕ್ಟರ್‌ಗೆ ಹೊಸ ಕಾರ್ಬುರೇಟರ್: ತರಿಸಿ ಮೂರು ವರ್ಷವಾದ ಮೇಲೆ

ಮೊದಲು ಸೋರಿಕೆಯ ವಿಷಯ ಹೇಳಿಬಿಡುತ್ತೇನೆ. ಎಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಹೊಸದು ಹಾಕಿದ ಮರುದಿನ ಬೆಳಿಗ್ಗೆ ಶೆಡ್ ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ಪೆಟ್ರೋಲ್ ವಾಸನೆ. ಕೆಳಗೆ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲ ಒದ್ದೆ. ಈ ಟ್ರ್ಯಾಕ್ಟರ್‌ನಲ್ಲಿ ಪಂಪ್ ಇಲ್ಲ, ಮೇಲಿನ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ, ಹಾಗಾಗಿ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ. ಪಕ್ಕದಲ್ಲೇ ಉರಿ ಇರುವ ವಾಟರ್ ಹೀಟರ್ ಇಟ್ಟಿರುವವರೂ ಇದ್ದಾರೆ, ನೆನೆದರೆ ಈಗಲೂ ಭಯವಾಗುತ್ತದೆ.

ನನ್ನದು 1951ರ ಗಾಡಿ. ಇಲ್ಲೇ ಅಮೆರಿಕದ ಮಿಷಿಗನ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ ತಯಾರಾದದ್ದು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು, ಇಷ್ಟೇ ಅದರ ಕೆಲಸ. ನಾನು ಊರಲ್ಲಿ ನೋಡಿದ ಟ್ರ್ಯಾಕ್ಟರೆಲ್ಲ ಡೀಸೆಲ್. ಕಾರ್ಬುರೇಟರ್ ಕೆಲಸ ಕಲಿತದ್ದು ಮೈಸೂರಿನಲ್ಲಿ, ಅಪ್ಪನ ಯೆಜ್ಡಿ ಬೈಕ್ ಬಿಚ್ಚಿ ತೊಳೆದು.

ಹುಲ್ಲು ಕತ್ತರಿಸುವಾಗ ಹದಿನೈದು ನಿಮಿಷಕ್ಕೆ ಎಂಜಿನ್ ಸೊರಗುತ್ತಿತ್ತು. ಚೋಕ್ ಅರ್ಧ ಎಳೆದರೆ ಮತ್ತೆ ಜೀವ ಬರುತ್ತಿತ್ತು. ಹಳೇ ಕಾರ್ಬುರೇಟರ್ ಮುಗೀತು ಅಂದುಕೊಂಡು, '9ಎನ್, 2ಎನ್, 8ಎನ್ ಎಲ್ಲಕ್ಕೂ ಸರಿಹೊಂದುತ್ತದೆ' ಎಂದು (9ಎನ್, 2ಎನ್ ಫೋರ್ಡ್‌ನ ಹಿಂದಿನ ಮಾದರಿಗಳು) ಬರೆದಿದ್ದ ಒಂದು ಹೊಸದನ್ನು ಸುಮಾರು 70 ಡಾಲರ್‌ಗೆ ತರಿಸಿದೆ. ಬೋಲ್ಟ್ ಎಲ್ಲ ಸರಿಯಾಗಿ ಕೂತವು. ಕೂತದ್ದು ಅಷ್ಟೇ. ಎಂಜಿನ್ ವೇಗ ಹಿಡಿದಿಡುವ ಗವರ್ನರ್‌ನ ಕಡ್ಡಿ ಸಿಕ್ಕಿಸುವ ತೋಳಿನ ಅಳತೆ ಬೇರೆ, ಹಳೆಯದರ ತೋಳನ್ನು ಬಿಚ್ಚಿ ಇದಕ್ಕೆ ಹಾಕಬೇಕಾಯಿತು. ಪೆಟ್ರೋಲ್ ಪ್ರಮಾಣ ಹೊಂದಿಸುವ ಮೇನ್ ಸೂಜಿಯನ್ನು ಅರ್ಧ ಸುತ್ತು ಬಿಟ್ಟರೂ ಎರಡು ಸುತ್ತು ಬಿಟ್ಟರೂ ಎಂಜಿನ್ ಶಬ್ದದಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ತಿರುಗಿಸಿದರೆ ಏನೂ ಆಗದ ಸ್ಕ್ರೂ ಯಾಕೆ ಬೇಕು ಹೇಳಿ? ಮೇಲಿನ ಮುಚ್ಚಳ ತೆಗೆದು, ತಿರುವಿ ಹಿಡಿದು, ಗ್ಯಾಸ್ಕೆಟ್‌ನಿಂದ ಫ್ಲೋಟ್‌ಗೆ ಕಾಲು ಇಂಚು ಬರುವ ಹಾಗೆ ನಾನೇ ಸರಿ ಮಾಡಿದ ಮೇಲೆ ಸೋರುವುದು ನಿಂತಿತು. ಆದರೆ ಹದಿನೈದು ನಿಮಿಷದ ಸೊರಗು ಹಾಗೇ ಉಳಿಯಿತು!

ಆಗ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಕಾರ್ಬುರೇಟರ್ ತಳದ ಡ್ರೈನ್ ಪ್ಲಗ್ ತೆಗೆದು, ಕೆಳಗೆ ಡಬ್ಬಿ ಇಟ್ಟು, ಟ್ಯಾಂಕಿನ ವಾಲ್ವ್ ತೆರೆದೆ. ಎರಡು ನಿಮಿಷದೊಳಗೆ ಒಂದು ಪಿಂಟ್, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್ ಬರಬೇಕು. ನನಗೆ ಬಂದದ್ದು ಅದರ ಕಾಲು ಭಾಗ. ಈ ದಾರಿಯಲ್ಲಿ ಮೂರು ಜಾಲರಿಗಳಿವೆ: ಟ್ಯಾಂಕಿನೊಳಗೆ ಒಂದು, ಕಸ ತಂಗುವ ಗಾಜಿನ ಬೌಲ್ ಮೇಲೆ ಒಂದು, ಕಾರ್ಬುರೇಟರ್‌ಗೆ ಸೇರುವ ಬಾಗಿದ ಹಿತ್ತಾಳೆ ತುಂಡು, ಅಂದರೆ ಎಲ್ಬೋದಲ್ಲಿ ಒಂದು. ಹೊಸ ಕಾರ್ಬುರೇಟರ್‌ಗೂ ಆ ಹಳೇ ಎಲ್ಬೋವನ್ನೇ ಹಾಕಿದ್ದೆ. ಅದರ ಜಾಲರಿ ಟ್ಯಾಂಕಿನ ತುಕ್ಕಿನಿಂದ ಕಟ್ಟಿಕೊಂಡಿತ್ತು. ತೊಳೆದೆ, ಅಷ್ಟೇ, ಸೊರಗು ಹೋಯಿತು.

ಅಲ್ಲಿಂದ ನನ್ನ ಸಿಟ್ಟೂ ಸ್ವಲ್ಪ ಇಳಿಯಿತು. ತಪ್ಪೆಲ್ಲ ಹೊಸದರದ್ದೇ ಆಗಿರಲಿಲ್ಲ. ಒಂದಿಡೀ ಬೇಸಿಗೆ ಅದರಲ್ಲೇ ಕೆಲಸ ಮಾಡಿದೆ. ಆದರೆ ನಿಧಾನಕ್ಕೆ ಓಡುವಾಗ ಎಂಜಿನ್ ಏರುವುದು ಇಳಿಯುವುದು ಬಿಡಲೇ ಇಲ್ಲ.

ಕೊನೆಗೆ ಹಳೆಯದನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿದೆ. ಮಾರ್ವೆಲ್-ಶೆಬ್ಲರ್ ಕಂಪನಿಯದು, ಮಾದರಿ ಟಿಎಸ್‌ಎಕ್ಸ್-241. 8ಎನ್‌ಗೆ ಬಂದದ್ದು ಇದೇ. 9ಎನ್, 2ಎನ್‌ಗೆ ಟಿಎಸ್‌ಎಕ್ಸ್-33. ಎರಕ ಎಷ್ಟು ಗಟ್ಟಿ ಅಂತ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಒಳಗಿನ ಗಾಳಿಯ ಬಾಗಿಲು ತಿರುಗಿಸುವ ಥ್ರಾಟಲ್ ಶಾಫ್ಟ್ ಮಾತ್ರ ಸವೆದು ಅಲ್ಲಾಡುತ್ತಿತ್ತು, ಆ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಲೇತ್ ಇಟ್ಟುಕೊಂಡಿರುವ ಪಕ್ಕದ ಮನೆಯ ಅಜ್ಜ ಶಾಫ್ಟ್ ತೂತಿಗೆ ಬುಷ್ (ಲೋಹದ ಬಳೆ) ಹಾಕಿಕೊಟ್ಟರು. ಗ್ಯಾಸ್ಕೆಟ್, ಸೂಜಿ, ಹೊಸ ಶಾಫ್ಟ್ ಎಲ್ಲ ಸೇರಿ ಹೊಸದರ ಅರ್ಧ ಬೆಲೆಯೂ ಆಗಲಿಲ್ಲ.

ಮೇನ್ ಸೂಜಿ ಒಂದೂಕಾಲು ಸುತ್ತು ಹೊರಗೆ, ನಿಧಾನದ ಓಟ ಹೊಂದಿಸುವ ಐಡಲ್ ಸ್ಕ್ರೂ ಒಂದು ಸುತ್ತು, ಇದು ನನ್ನ ಗಾಡಿಗೆ ಕೂತ ಲೆಕ್ಕ. ಇಲ್ಲಿ ಒಂದು ಎಚ್ಚರ. ಮೇನ್ ಸೂಜಿ ಒಳಗೆ ಹೋದರೆ ಪೆಟ್ರೋಲ್ ಕಡಿಮೆ, ಆದರೆ ಐಡಲ್ ಸ್ಕ್ರೂ ತಡೆಯುವುದು ಗಾಳಿಯನ್ನು, ಅದನ್ನು ಒಳಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಜಾಸ್ತಿ. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಪೂರ್ತಿ ಕಳೆದೆ.

ಈಗ ಬೆಳಗಿನ ಕ್ರಮ ಹೀಗೆ. ಟ್ಯಾಂಕಿನ ಕೆಳಗಿನ ವಾಲ್ವ್ ಎರಡು ಸುತ್ತು. ಪೂರ್ತಿ ಬಿಟ್ಟರೆ ರಿಸರ್ವ್, ಯೆಜ್ಡಿ ನೆನಪಾಗುತ್ತದೆ. ಗಾಜಿನ ಬೌಲ್ ತುಂಬುವುದನ್ನು ನೋಡುತ್ತಾ ನಿಲ್ಲುತ್ತೇನೆ. ಗೇರ್ ನ್ಯೂಟ್ರಲ್, ಚೋಕ್ ಎಳೆದು ಬಟನ್ ಒತ್ತಿದರೆ ಎರಡು ಸುತ್ತಿಗೇ ಎಂಜಿನ್ ಹಿಡಿಯುತ್ತದೆ. ಆ ನಿಧಾನದ, ಒಂದೇ ಸಮನೆಯ ಟಕಟಕ ಕೇಳುವುದಕ್ಕೇ ಕಾಫಿ ಲೋಟ ಹಿಡಿದು ಐದು ನಿಮಿಷ ಸುಮ್ನೆ ಕೂರುತ್ತೇನೆ. ಸಂಜೆ ವಾಲ್ವ್ ಮುಚ್ಚದೆ ಶೆಡ್ ಬಾಗಿಲು ಹಾಕುವುದಿಲ್ಲ.

ಹೊಸದಕ್ಕೆ ಐದರಲ್ಲಿ ಎರಡು ಸ್ಟಾರ್. ಹಳೆಯದರ ಎರಕ ಬಿರುಕು ಬಿಟ್ಟವರಿಗೆ, ಫ್ಲೋಟ್ ತಾವೇ ಸರಿ ಮಾಡಿಕೊಳ್ಳಬಲ್ಲವರಿಗೆ ಅದು ಸಾಕು. ನನ್ನದು ಈಗ ಶೆಲ್ಫ್ ಮೇಲಿದೆ. ಹೋದ ಜನವರಿಯಲ್ಲಿ ಅದರ ಡ್ರೈನ್ ಪ್ಲಗ್ ಬಿಚ್ಚಿ ಹಳೆಯದಕ್ಕೆ ಹಾಕಿದ್ದೇನೆ.