12,000 ಗ್ರಿಟ್‌ನ ‘ಜಪಾನಿ’ ಸಾಣೆಕಲ್ಲು ಕೊಳ್ಳುವವರಿಗೆ ಒಂದು ಎಚ್ಚರಿಕೆ

‘ನಕಾಯಾಮಾ’ (ಜಪಾನಿನ ಒಂದು ಸಾಣೆಕಲ್ಲು ಗಣಿಯ ಹೆಸರು), ‘ನೈಸರ್ಗಿಕ’, ‘12,000 ಗ್ರಿಟ್’ ಎಂಬ ಮೂರು ಮಾತುಗಳು ಒಂದೇ ಜಾಹೀರಾತಿನಲ್ಲಿ ಕಂಡರೆ ದಯವಿಟ್ಟು ಹಣ ಕಳಿಸಲು ಅವಸರಪಡಬೇಡಿ. ಕ್ಷೌರದ ಕತ್ತಿ ಮಸೆಯಲೆಂದು ನಾನು ಆನ್‌ಲೈನಿನಲ್ಲಿ ತರಿಸಿದ ಕಲ್ಲು, ಜರ್ಮನಿಯ ಸೋಲಿಂಗೆನ್ ಊರಿನ ಹಳೆಯದೊಂದು ಕತ್ತಿಯ ಬಾಯನ್ನು ಮುಕ್ಕು ಮಾಡಿತು. ಮಾರಿದವನು ಕಲ್ಲನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ, ಹಣ ಮರಳಿಸಲೂ ಇಲ್ಲ. ಕಟ್ಟಿದ ಸುಂಕದ ಮಾತಂತೂ ಬಿಡಿ.

ಮೊದಲು ಆ ಸಂಖ್ಯೆಯ ವಿಚಾರ. ಗ್ರಿಟ್ ಎಂಬುದು ಕಾರ್ಖಾನೆಯ ಕಲ್ಲಿಗೆ ಸಲ್ಲುವ ಲೆಕ್ಕ. ಅಲ್ಲಿ ಉಜ್ಜುವ ಪುಡಿಯ ಗಾತ್ರವನ್ನು ವಿಂಗಡಿಸಿಯೇ ಕಲ್ಲು ಕಟ್ಟುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಪುಡಿ ನಯ. ನೆಲದಿಂದ ಅಗೆದ ಕಲ್ಲಿಗೆ ಅದನ್ನು ಅಂಟಿಸುವುದು ಬರೀ ವ್ಯಾಪಾರ. ಬೆಲ್ಜಿಯಮ್ಮಿನ ಆರ್ಡೆನ್ ಪ್ರದೇಶದ ಕೋಟಿಕ್ಯೂಲ್ ಎಂಬ ಹಳದಿ ನೈಸರ್ಗಿಕ ಸಾಣೆಕಲ್ಲಿನಲ್ಲಿ ಉಕ್ಕನ್ನು ಸವೆಸುವುದು ಒಳಗಿನ ಗಾರ್ನೆಟ್ ಹರಳುಗಳು. ಮೇಲೆ ದಪ್ಪ ರಾಡಿ ಎಬ್ಬಿಸಿ ಉಜ್ಜಿದರೆ ಬೇಗ ಸವೆಸುತ್ತದೆ, ಬರಿಯ ನೀರಿನಲ್ಲಿ ಉಜ್ಜಿದರೆ ನಿಧಾನವಾಗಿ ನಯ ಕೊಡುತ್ತದೆ. ಅದಕ್ಕೆ ಯಾವ ಸಂಖ್ಯೆ ಬರೆಯುತ್ತೀರಿ?

ಇನ್ನು ಹೆಸರು. ಕ್ಯೋಟೋದ ನಕಾಯಾಮಾ ಗಣಿ ಮುಚ್ಚಿ ದಶಕಗಳಾಗಿವೆ. ಹಳೆಯ ದಾಸ್ತಾನು ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವುದು ನಿಜ, ಆದರೆ ಕಲ್ಲಿನ ಮೇಲೆ ಆ ಹೆಸರಿನ ಶಾಯಿಯ ಮುದ್ರೆ ಒತ್ತಲು ಗಣಿಯೇನೂ ಬೇಕಾಗಿಲ್ಲ. ನನಗೆ ಬಂದ ಕಲ್ಲಿನ ಮುದ್ರೆ ಒದ್ದೆ ಬೆರಳಿಗೇ ಮೆತ್ತಿಕೊಂಡಿತು.

ಜಾಹೀರಾತಿನ ಚಿತ್ರಗಳಲ್ಲಿ ಕಲ್ಲು ಒಣಗಿತ್ತು. ನಲ್ಲಿಯ ಕೆಳಗೆ ಹಿಡಿದಾಗ ತಿಳಿಬೂದು ಮೈಯಲ್ಲಿ ತುಕ್ಕು ಬಣ್ಣದ ಗೆರೆಯೊಂದು ಓರೆಯಾಗಿ ಮೂಡಿತು. ಉಗುರೆಳೆದರೆ ಬೇರೆಲ್ಲ ಕಡೆ ಜಾರುತ್ತಿತ್ತು, ಗೆರೆಯ ಮೇಲೆ ಮಾತ್ರ ಕಿರ್ ಎಂದು ತಡೆಯುತ್ತಿತ್ತು. ಕೇಳಿದ್ದಕ್ಕೆ, ಅದು ಬಣ್ಣದ ಗೆರೆಯಷ್ಟೇ, ಧಾರಾಳವಾಗಿ ಬಳಸಿ ಎಂದು ಮಾರಾಟಗಾರ ಬರೆದ.

ಅಡುಗೆಮನೆಯ ಚಾಕುವಿಗಾದರೆ ಅಂಥ ಗೆರೆ ಅಷ್ಟಾಗಿ ಬಾಧಿಸದು. ಕ್ಷೌರದ ಕತ್ತಿಯದು ಬೇರೆ ಕಥೆ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಅಲಗಿನ ಅಗಲ ಮತ್ತು ಬೆನ್ನಿನ ದಪ್ಪವೇ ಕೋನವನ್ನು ಗೊತ್ತು ಮಾಡುತ್ತವೆ, ಎರಡೂ ಬದಿ ಸೇರಿ ಸಾಮಾನ್ಯವಾಗಿ 16–17 ಡಿಗ್ರಿಯ ಆಸುಪಾಸು. ಅಷ್ಟು ತೆಳುವಾದ ಬಾಯಿಗೆ ಒಂದೇ ಒಂದು ಒರಟು ಕಣ ಸಾಕು. ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಅಂಚಿನುದ್ದಕ್ಕೂ ಒಂಟಿ ಆಳದ ಗೀರುಗಳು, ಗೀರು ಬಾಯಿ ತಲುಪಿದಲ್ಲೆಲ್ಲ ಗರಗಸದ ಹಲ್ಲಿನಂಥ ಮುಕ್ಕು. ಚರ್ಮದ ಪಟ್ಟಿಯ ಮೇಲೆ ಎಷ್ಟು ತೀಡಿದರೂ ಅದು ಹೋಗುವಂಥದ್ದಲ್ಲ. 1000 ಗ್ರಿಟ್‌ನ ಕೃತಕ ಕಲ್ಲಿನಲ್ಲಿ ಹೊಸದಾಗಿ ಬಾಯಿ ಕಟ್ಟಬೇಕಾಯಿತು. ಆ ಉಕ್ಕು ಹೋದದ್ದು ಹೋಯಿತು.

ಗೆರೆ ಮೇಲ್ಮೈಯಲ್ಲಷ್ಟೇ ಇದ್ದರೆ ಚೂಪು ಮೊಳೆಯಿಂದ ಕೆರೆದು ತಗ್ಗಿಸಬಹುದು. ನನ್ನ ಕಲ್ಲಿನಲ್ಲಿ ಅದು ಓರೆಯಾಗಿ ಒಳಕ್ಕಿಳಿದಿದೆ. ಕಲ್ಲು ಸವೆದಂತೆಲ್ಲ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ. ಸಾಲದ್ದಕ್ಕೆ ಬದಿಯ ದಪ್ಪ ಮೆರುಗೆಣ್ಣೆಯ ಕೆಳಗೊಂದು ಬಿರುಕು. ಪದರಗಲ್ಲು ನೀರು ಕುಡಿದು ಸೀಳದಿರಲೆಂದು ಬದಿಗೆ ಮೆರುಗು ಬಳಿಯುವುದು ಜಪಾನಿನಲ್ಲಿ ರೂಢಿಯೇ, ಅದರಲ್ಲಿ ದೋಷವಿಲ್ಲ. ಬಿರುಕು ಮುಚ್ಚಲು ಬಳಿಯುವುದು ಮೋಸ.

ಚಿತ್ರಸಹಿತ ದೂರಿಗೆ ಬಂದ ಉತ್ತರ: ನೈಸರ್ಗಿಕ ವಸ್ತು, ಒಂದರಂತೆ ಇನ್ನೊಂದು ಇರುವುದಿಲ್ಲ. 12,000 ಎಂದು ಬರೆಯುವಾಗ ಈ ಜ್ಞಾನೋದಯ ಆಗಿರಲಿಲ್ಲವೆಂದು ಕಾಣುತ್ತದೆ.

ಕೊಳ್ಳಲೇಬೇಕೆಂದಿದ್ದರೆ ಒದ್ದೆ ಕಲ್ಲಿನ ಆರೂ ಮುಖಗಳ ಚಿತ್ರ ಕೇಳಿ, ಬೆಳಕು ಓರೆಯಾಗಿ ಬಿದ್ದಿರಲಿ. ಅದೇ ಕಲ್ಲಿನಲ್ಲಿ ಮಸೆದ ಕತ್ತಿಯ ಬಾಯಿಯನ್ನು ಹಿಗ್ಗಿಸಿ ತೆಗೆದ ಚಿತ್ರವೂ ಬೇಕು. ವಾಪಸಾತಿಯ ಷರತ್ತು ಬರಹದಲ್ಲಿರಲಿ. ಇಷ್ಟಕ್ಕೆ ಗೊಣಗುವವನನ್ನು ಬಿಟ್ಟುಬಿಡಿ. ಬಂದ ಕಲ್ಲನ್ನು ಸಮತಟ್ಟು ಮಾಡುವಾಗ ಒಣಗಿದ್ದಾಗ ಉಜ್ಜಬೇಡಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಜಿನ ಮೇಲೆ ನೀರಿನಲ್ಲಿ ಬಳಸುವ ಮರಳುಕಾಗದ ಹಾಸಿ, ನೀರು ಸುರಿಯುತ್ತಲೇ ಉಜ್ಜಿ.