ಹೊಳೆಯುವ ಕೋವಿಯೋ, ಮಾಸಿದ ಕೋವಿಯೋ?

ಎರಡು ಹಳೆಯ ಜೋಡಿ ನಳಿಗೆ ಕೋವಿಗಳು ಕೊಳ್ಳಲು ನಿಮ್ಮ ಮುಂದಿವೆ ಅಂದುಕೊಳ್ಳಿ. ಒಂದು ಫಳಫಳ ಹೊಳೆಯುತ್ತದೆ, ಇನ್ನೊಂದು ಮಾಸಿದೆ. ನನ್ನ ಕೈ ಮೊದಲು ಹೋಗುವುದು ಮಾಸಿದ್ದರ ಕಡೆಗೇ.

ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎರಡನ್ನೂ ಬಿಚ್ಚಿ ನೋಡಿ. ಮಾಸಿದ್ದರಲ್ಲಿ ಕೆತ್ತನೆಯ ಅಂಚು ಬೆರಳಿಗೆ ಚೂಪಾಗಿ ತಾಕಿ, ಮರ ಲೋಹಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಒಳ್ಳೆಯ ಲಕ್ಷಣ. ಹೊಳೆಯುವುದರಲ್ಲಿ ಅಕ್ಷರಗಳು ಕರಗಿದಂತಿದ್ದು, ಮರ ತಗ್ಗಿದ್ದರೆ ಹೊಳಪಿಗಾಗಿ ಯಾರೋ ಅತಿಯಾಗಿ ಉಜ್ಜಿದ್ದಾರೆ, ಅಲ್ವಾ? ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಅನುಮಾನ ಇನ್ನೂ ಜಾಸ್ತಿ.

ತುದಿಯನ್ನೂ ನೋಡಿ. ಎರಡು ಬಾಯಿಗಳ ನಡುವಿನ ಸಂದಿಗೆ ಬೆಸುಗೆ ತುಂಬಿದ್ದರೆ ನಳಿಗೆ ಕತ್ತರಿಸಿರಬಹುದು. ಚೋಕ್, ಅಂದರೆ ಚರೆಗಳು ಬೇಗ ಚದುರದಂತೆ ತುದಿಯಲ್ಲಿ ನಳಿಗೆಯನ್ನು ಕಿರಿದಾಗಿಸಿದ ಭಾಗ, ಕೂಡ ಅದರ ಜೊತೆಗೇ ಹೋಗಿರುತ್ತದೆ. ನಳಿಗೆ, ಆಕ್ಷನ್ (ನಳಿಗೆ ಕೂರುವ, ಗುಂಡು ಹಾರಿಸುವ ಯಂತ್ರದ ಭಾಗ), ನಳಿಗೆಯ ಕೆಳಗೆ ಕೈ ಹಿಡಿಯುವ ಮುಂದಿನ ಮರದೊಳಗಿನ ಕಬ್ಬಿಣ, ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇದೆಯಾ? ಬೇರೆ ಬೇರೆ ಇದ್ದರೆ ನಾನಂತೂ ಕೊಳ್ಳಲ್ಲ.