ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್: ಮುಟ್ಟಿನ ಲೆಕ್ಕ ಕಲಿಸಿದ ಕೋಣೆ

ನನ್ನ ಮಗಳಿಗೆ 14 ವರ್ಷ. ದೊಡ್ಡವಳಾಗಿ ಒಂದೂವರೆ ವರ್ಷ ಕಳೆದರೂ ಅವಳ ಮುಟ್ಟು ಒಮ್ಮೆ ತಿಂಗಳಿಗೆ, ಒಮ್ಮೆ ಅದಕ್ಕೂ ಬಹಳ ತಡವಾಗಿ ಬರುತ್ತಿದ್ದುದರಿಂದ ಮನೆಯಲ್ಲಿ ಚಿಂತೆ ಹತ್ತಿತ್ತು. ತಿಂಗಳಿಗೆ ಸರಿಯಾಗಿ ಹೊರಗಾಗದಿದ್ದರೆ ಮುಂದೆ ಮಕ್ಕಳಾಗುವುದು ಕಷ್ಟವೆಂದು ಅತ್ತೆಯವರು ಕೊರಗುತ್ತಿದ್ದರು. ಮುಟ್ಟು ಬರಿಸುವ ಗುಳಿಗೆ ಕೊಡಿಸಿಬಿಡಿರೆಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಕೊನೆಗೆ ನಮ್ಮೂರಿನ ಆಶಾ ಕಾರ್ಯಕರ್ತೆಯ ಮಾತು ಕೇಳಿ, ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿರುವ ಸ್ನೇಹ ಕ್ಲಿನಿಕ್‌ಗೆ ಮಗಳನ್ನು ಕರೆದುಕೊಂಡು ಹೋದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಈ ಸೇವೆ 10ರಿಂದ 19 ವರ್ಷದ ಹುಡುಗಿಯರು, ಹುಡುಗರು ಎಲ್ಲರಿಗೂ ಉಚಿತ.

ಆಪ್ತಸಮಾಲೋಚಕಿ ಮೊದಲು ಕೇಳಿದ್ದು ತಾರೀಖುಗಳನ್ನು. ನಾವು ತಲೆಗೆ ನೀರು ಹಾಕಿಕೊಂಡ ದಿನದಿಂದ ಲೆಕ್ಕ ಹಿಡಿಯುತ್ತಿದ್ದೆವು. ಅದು ತಪ್ಪು, ರಕ್ತ ಕಾಣಿಸಿಕೊಂಡ ದಿನವೇ ಮೊದಲನೆಯ ದಿನ ಎಂದು ಅವರು ತಿದ್ದಿ, ಮೇಜಿನ ಮೇಲಿದ್ದ ಕ್ಯಾಲೆಂಡರಿನಲ್ಲಿ ಮಗಳ ಕೈಯಿಂದಲೇ ಕೆಂಪು ಗುರುತು ಹಾಕಿಸಿದರು. ಹೊಸ ಲೆಕ್ಕದಲ್ಲಿ 36, 43, 38 ದಿನಗಳು ಬಂದವು. ವಯಸ್ಕ ಹೆಂಗಸರಲ್ಲಿ ಋತುಚಕ್ರ ಸಾಮಾನ್ಯವಾಗಿ 21ರಿಂದ 35 ದಿನಗಳದ್ದಾದರೂ ಹದಿಹರೆಯದಲ್ಲಿ 45 ದಿನಗಳವರೆಗೆ ಹೋಗುವುದು ಸಹಜವೆಂದು, ಮಿದುಳು ಮತ್ತು ಅಂಡಾಶಯಗಳ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಕುದುರುವ ಮೊದಲ ಕೆಲವು ವರ್ಷಗಳಲ್ಲಿ ಎಷ್ಟೋ ಸಲ ಅಂಡ ಬಿಡುಗಡೆಯಾಗದೆಯೇ ಮುಟ್ಟಾಗುತ್ತದೆಂದು ಅವರು ಹೇಳಿದಾಗ ನನ್ನ ಎದೆಯ ಭಾರ ಇಳಿಯಿತು.

ಹಾರ್ಮೋನುಗಳ ವಿವರಣೆಗಾಗಿಯೇ ಈ ಕೋಣೆಗೆ ಮತ್ತೊಮ್ಮೆ ಹೋಗಬಹುದು. ಮುಟ್ಟಿನ ದಿನಗಳಲ್ಲಿಯೇ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ಅಂಡಾಶಯದಲ್ಲಿ ಕೋಶಕಗಳು, ಅಂದರೆ ಅಂಡವಿರುವ ಸಣ್ಣ ಚೀಲಗಳು, ಬೆಳೆಯತೊಡಗುತ್ತವೆ. ಅವು ಸ್ರವಿಸುವ ಈಸ್ಟ್ರೋಜೆನ್ ಏರಿದಂತೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈಸ್ಟ್ರೋಜೆನ್ ತುತ್ತತುದಿ ಮುಟ್ಟಿದಾಗ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕಿ, ಸುಮಾರು ಒಂದೂವರೆ ದಿನದೊಳಗೆ ಅಂಡ ಹೊರಬರುತ್ತದೆ. ಅಂಡ ಬಿಟ್ಟುಹೋದ ಕೋಶಕ ಪ್ರೊಜೆಸ್ಟೆರಾನ್ ಸ್ರವಿಸುತ್ತಾ ಸುಮಾರು ಎರಡು ವಾರ ಬಾಳುತ್ತದೆ. ಗರ್ಭ ನಿಲ್ಲದಿದ್ದರೆ ಅದು ಮುದುಡಿ, ಹಾರ್ಮೋನುಗಳು ಇಳಿದು, ಒಳಪದರ ಕಳಚಿ ಮತ್ತೆ ಮುಟ್ಟಾಗುತ್ತದೆ. ದಿನಗಳು ಹೆಚ್ಚುಕಡಿಮೆಯಾಗುವುದು ಬಹುಪಾಲು ಚಕ್ರದ ಮೊದಲರ್ಧದಲ್ಲಿ, ಅಂಡ ಹೊರಬರುವುದಕ್ಕೆ ಮುಂಚೆ. ಇದಕ್ಕೆ ಅವರು ಕೊಟ್ಟ ಹೋಲಿಕೆ ಒಕ್ಕಲುತನದ್ದು: ನೆಲ ಹದಕ್ಕೆ ಬರಲು ಮಳೆ ನೋಡಿಕೊಂಡು ಎಷ್ಟು ದಿನ ಬೇಕಾದರೂ ಹಿಡಿಯಬಹುದು, ಬಿತ್ತಿದ ಮೇಲೆ ಹೆಸರುಕಾಳಿನ ಬೆಳೆ ತನ್ನ ದಿನಕ್ಕೆ ಕೈಗೆ ಬರುತ್ತದೆ. ಹಾಗಾಗಿ 38 ದಿನಗಳ ಚಕ್ರದಲ್ಲಿ ಅಂಡ ಬಿಡುಗಡೆಯಾದರೆ ಅದು ಸುಮಾರು 24ನೆಯ ದಿನ, 14ನೆಯ ದಿನವಲ್ಲ. ಎರಡು ಮಕ್ಕಳನ್ನು ಹೆತ್ತ ನನಗೆ ಇದು ಆ ದಿನದವರೆಗೆ ಗೊತ್ತಿರಲಿಲ್ಲ.

ಇಷ್ಟು ಚೆನ್ನಾಗಿ ಹೇಳುವ ಕೋಣೆಯ ಗೋಡೆಯ ಮೇಲೆ 28 ದಿನಗಳ ಚಕ್ರದ ಒಂದೇ ಚಿತ್ರವಿದ್ದು, 14ನೆಯ ದಿನಕ್ಕೆ ದೊಡ್ಡ ವೃತ್ತ ಎಳೆದಿರುವುದು ನನಗೆ ಸರಿಬರಲಿಲ್ಲ. ಕಾಯುತ್ತಾ ಕುಳಿತ ಹುಡುಗಿಯರು ಮೊದಲು ನೋಡುವುದು ಆ ಚಿತ್ರವನ್ನೇ. ತನ್ನ ಲೆಕ್ಕ ಅದಕ್ಕೆ ಹೊಂದದವಳು ತನಗೇನೋ ರೋಗವಿದೆಯೆಂದೇ ತಿಳಿಯುತ್ತಾಳೆ. ಮುಟ್ಟಿನ ಮುಂಚಿನ ದಿನಗಳ ಸಿಡುಕು, ಅಳು, ಎದೆ ಬಿಗಿತಗಳ ಬಗ್ಗೆ ನಾನಾಗಿ ಕೇಳುವವರೆಗೆ ಮಾತೇ ಬರಲಿಲ್ಲ.

ಹತ್ತು ನಿಮಿಷ ನನ್ನನ್ನು ಹೊರಗೆ ಕಳಿಸಿ ಮಗಳೊಬ್ಬಳೊಂದಿಗೆ ಮಾತನಾಡಿದ್ದು ಒಳ್ಳೆಯ ಕ್ರಮ. ಆದರೆ ಬಾಗಿಲಿನ ಜಾಗದಲ್ಲಿ ಬರೀ ಪರದೆಯಿದೆ, ಪಕ್ಕದಲ್ಲೇ ಇಂಜೆಕ್ಷನ್ನಿಗೆ ಗಂಡಸರ ಪಾಳಿ ನಿಂತಿರುತ್ತದೆ. ಹೊಟ್ಟೆನೋವಿನ ಮಾತು ಬಂದಾಗ ಅವಳು ಸುಮ್ಮನಾದಳಂತೆ. ಆ ಕೋಣೆಗೆ ಒಂದು ಬಾಗಿಲು ಬೇಕೇ ಬೇಕು. ಶಾಲೆಯ ವೇಳೆಯಲ್ಲಷ್ಟೇ ತೆರೆದಿರುವುದರಿಂದ ಮಗಳು ಆ ದಿನದ ಪಾಠವನ್ನೂ ತಪ್ಪಿಸಿಕೊಂಡಳು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂತು, ಅವಳ ವಯಸ್ಸಿಗೆ ಕನಿಷ್ಠ 12 ಇರಬೇಕು. ವೈದ್ಯರು ಮೂರು ತಿಂಗಳಿಗೆ ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, ಊಟದ ಜೊತೆಗೂ ಗುಳಿಗೆಯ ಜೊತೆಗೂ ಚಹಾ ಬೇಡವೆಂದರು. ಮುಟ್ಟು ಬರಿಸುವ ಗುಳಿಗೆಯನ್ನು ಬರೆಯಲಿಲ್ಲ. 90 ದಿನ ಕಳೆದರೂ ಮುಟ್ಟಾಗದಿದ್ದರೆ, ಏಳು ದಿನಕ್ಕಿಂತ ಹೆಚ್ಚು ರಕ್ತ ಹೋದರೆ, ಅಥವಾ ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದರೆ ತಡಮಾಡದೆ ಬರಬೇಕೆಂದು ಚೀಟಿಯ ಹಿಂದೆ ಬರೆದುಕೊಟ್ಟರು.

ಹೋಗುವವರು ಕಳೆದ ನಾಲ್ಕೈದು ಮುಟ್ಟಿನ ಮೊದಲ ದಿನದ ತಾರೀಖುಗಳನ್ನು ಬರೆದುಕೊಂಡು ಹೋಗಿರಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಎರಡು ಬಣ್ಣದ ಗುರುತುಗಳಿವೆ: ಕೆಂಪು ಮಗಳದು, ನೀಲಿ ನನ್ನದು.